ಪುಡಿ ತರಿಸುವ ಮುನ್ನ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಚಪಾತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂದೆ, ಸರಿ. ಅದಕ್ಕೆ ‘ಸೋರುವ ಕರುಳು’ ಎಂದು ಹೆಸರಿಟ್ಟು, ಕರುಳಿನ ಗೋಡೆ ಸಡಿಲಾಗಿ ಒಳಗಿನದು ರಕ್ತಕ್ಕೆ ಸೋರುತ್ತದೆ ಎಂದು ಹೆದರಿಸಿ ಪುಡಿ ಮಾರುವವನ ವಿಡಿಯೊ ನೋಡಿ ಗೋಧಿಯನ್ನೇ ಬಿಡಲು ಹೊರಟಿದ್ದೀಯಲ್ಲ, ಅದು ಸರಿ ಕಾಣಲಿಲ್ಲ.

ಕರುಳಿನ ತಡೆಗೋಡೆ ಕಟ್ಟುಕಥೆಯಲ್ಲ. ಒಂದು ಕಡೆ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ, ಇನ್ನೊಂದು ಕಡೆ ನಿನ್ನ ರಕ್ತ. ನಡುವೆ ಇರುವುದು ಒಂದೇ ಸಾಲು ಜೀವಕೋಶ. ಅವೂ ಮೂರರಿಂದ ಐದು ದಿನಗಳಲ್ಲಿ ಉದುರಿ ಹೊಸವು ಬರುತ್ತವೆ. ಮೇಲೆ ಲೋಳೆಯ ಹೊದಿಕೆ. ದೊಡ್ಡ ಕರುಳಿನಲ್ಲಿ ಅದು ಎರಡು ಪದರ. ಕೋಶಗಳಿಗೆ ಅಂಟಿಕೊಂಡ ಪದರದೊಳಗೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಸುಳಿಯುವುದೇ ಇಲ್ಲ. ಕೋಶ ಕೋಶಗಳ ಸಂದನ್ನು ಕ್ಲಾಡಿನ್, ಆಕ್ಲುಡಿನ್ ಎಂಬ ಪ್ರೋಟೀನುಗಳು ಹೊಲಿಗೆಯಂತೆ ಹಿಡಿದಿರುತ್ತವೆ. ಈ ಹೊಲಿಗೆ ನೀರು, ಲವಣಗಳಿಗೆ ದಾರಿ ಬಿಡಲೇಬೇಕು. ಅಗತ್ಯ ನೋಡಿಕೊಂಡು ಸಡಿಲವಾಗುತ್ತದೆ, ಬಿಗಿಯಾಗುತ್ತದೆ. ಚೂರೂ ಸೋರದ ಕರುಳು ಯಾರಿಗೂ ಇಲ್ಲ, ಆ ಪುಡಿಯವನಿಗೂ ಇಲ್ಲ.

ಹಾಗೆಂದು ಸಡಿಲಾದರೆ ಏನೂ ಆಗುವುದಿಲ್ಲ ಎಂದಲ್ಲ. ಕಾಲರಾ ರೋಗಾಣುವಿನ ಒಂದು ವಿಷದ ಜಾಡು ಹಿಡಿದು ಹೋದ ಸಂಶೋಧಕ ಅಲೆಸ್ಸಿಯೊ ಫಸಾನೊ ಅವರ ತಂಡ, ಈ ಸಂದುಗಳನ್ನು ಸಡಿಲಿಸುವ ಜೊನುಲಿನ್ ಎಂಬ ಪ್ರೋಟೀನು ನಮ್ಮ ದೇಹದಲ್ಲೇ ಇದೆ ಎಂದು 2000ದಲ್ಲಿ ವರದಿ ಮಾಡಿತು. ಗೋಧಿಯ ಗ್ಲೂಟನ್ ಎಂಬ ಪ್ರೋಟೀನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿಗೆ ಹಾನಿ ಮಾಡುವುದು ಸೀಲಿಯಾಕ್ ರೋಗ. ಆ ರೋಗದಲ್ಲಿ ಗ್ಲೂಟನ್ ಈ ಜೊನುಲಿನ್ ಅನ್ನು ಕೆರಳಿಸುತ್ತದೆ ಎಂಬುದು ಅವರ ವಾದ. ಕರುಳಿಗೆ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯಲ್ಲೂ ಅದು ಹೆಚ್ಚು ಸೋರುತ್ತದೆ. ಆದರೆ ಸೋರಿದ್ದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಸೋರಿತೋ? ಜಗಳವಿರುವುದು ಇಲ್ಲೇ. ಸಂದು ಬಿಗಿ ಮಾಡಲೆಂದೇ ತಯಾರಿಸಿದ ಲಾರಜೊಟೈಡ್ ಔಷಧದ ಮೂರನೇ ಹಂತದ ಪ್ರಯೋಗ ಸೀಲಿಯಾಕ್ ರೋಗಿಗಳಲ್ಲಿ ಫಲ ಕಾಣುವ ಲಕ್ಷಣವಿಲ್ಲದೆ 2022ರಲ್ಲಿ ನಿಂತುಹೋಯಿತು. ದೊಡ್ಡ ಪ್ರಯೋಗದಲ್ಲೇ ಆಗದ್ದನ್ನು ಡಬ್ಬಿಯ ಪುಡಿ ಮಾಡುತ್ತದೆಯೇ?

ಅಂದಹಾಗೆ, ಮುಟ್ಟಿನ ನೋವಿಗೆಂದು ನೀನು ನುಂಗುವ ಐಬುಪ್ರೊಫೆನ್ ಕೂಡ ಈ ಗೋಡೆಯನ್ನು ಸಡಿಲಿಸುತ್ತದೆ. ಅದನ್ನು ಮಾತ್ರ ಆ ವಿಡಿಯೊದವನು ಹೇಳಲಿಲ್ಲ ನೋಡು.

ಗೋಧಿಯನ್ನು ಈಗಲೇ ಬಿಡಬೇಡ. ಸೀಲಿಯಾಕ್ ಪತ್ತೆಗೆ ಟಿಟಿಜಿ ಎಂಬ ರಕ್ತಪರೀಕ್ಷೆ ಇದೆ. ಗೋಧಿ ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ರೋಗವಿದ್ದರೂ ಇಲ್ಲವೆಂದು ಬರಬಹುದು. ಎಂದಿನಂತೆ ಚಪಾತಿ ತಿನ್ನುತ್ತಲೇ ಹೋಗಿ ಪರೀಕ್ಷೆ ಮಾಡಿಸಿಕೋ. ರೋಗವಿಲ್ಲ ಎಂದಾದರೆ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಶರ್ಕರ ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸ್ ಆಗುತ್ತಿದೆಯೇ ಎಂದೂ ವೈದ್ಯರನ್ನು ಕೇಳು. ವರದಿ ಬಂದ ದಿನ ಫೋನ್ ಮಾಡು.

ಇಂತಿ,
ನಿನ್ನ ಅಮ್ಮ