ಹೆಸರಿಲ್ಲದ ಸಮಾಧಿ

ವಿಯೆನ್ನಾ,
ಭಾನುವಾರ

ಅಪ್ಪಾ, ಅಮ್ಮಾ,

ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಇಲ್ಲಿನ ಬ್ರೆಡ್ಡಿಗೂ ಅದನ್ನೇ ಹಚ್ಚಿಕೊಳ್ಳುತ್ತೇನೆ, ನಗಬೇಡಿ.

ಅಪ್ಪಾ, ಈ ಪತ್ರ ಜಾಸ್ತಿ ನಿಮಗೇ. ದಾವಣಗೆರೆಯ ಮಿಲ್ಲಿನ ಕಥೆ ಹೇಳುವಾಗೆಲ್ಲ "ಅರಮನೇಲಿ ಹುಟ್ಟಿದವರಿಗೆ ಕೂಲಿಯವರ ಕಷ್ಟ ಏನು ಗೊತ್ತು" ಅಂತೀರಲ್ಲ, ಅದಕ್ಕೆ ಇಲ್ಲೊಬ್ಬಳು ಸಿಕ್ಕಿದ್ದಾಳೆ.

ಹೆಸರು ಎಲಿಸಬೆತ್ ಮೇರಿ. ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫನ ಮೊಮ್ಮಗಳು, 1883ರಲ್ಲಿ ಹುಟ್ಟಿದವಳು. ಐದು ವರ್ಷದವಳಿದ್ದಾಗ ಅಪ್ಪ, ಯುವರಾಜ ರುಡಾಲ್ಫ್, ಗುಂಡು ಹಾರಿಸಿಕೊಂಡು ಸತ್ತ. 1902ರಲ್ಲಿ ಹಟ ಹಿಡಿದು ತಾನು ಇಷ್ಟಪಟ್ಟ ರಾಜಕುಮಾರನನ್ನೇ ಮದುವೆಯಾದಳು. ನಾಲ್ಕು ಮಕ್ಕಳಾದವು, ಸಂಸಾರ ಮಾತ್ರ ನೆಟ್ಟಗಾಗಲಿಲ್ಲ.

1918ರಲ್ಲಿ ಸಾಮ್ರಾಜ್ಯವೇ ಹೋಯಿತು. ಮಕ್ಕಳು ಗಂಡನಿಗೋ ಅವಳಿಗೋ ಅಂತ ಕೋರ್ಟು ಕಚೇರಿ ಶುರುವಾಯಿತು. 1921ರಲ್ಲಿ ಹುಡುಗರನ್ನು ಕರೆದುಕೊಂಡು ಹೋಗಲು ಪೊಲೀಸರು ಅವಳ ಮನೆ ಬಾಗಿಲಿಗೆ ಬಂದರು. ಅಡ್ಡ ನಿಂತವರು ಯಾರು ಗೊತ್ತಾ? ಸುತ್ತಲಿನ ಕಾರ್ಮಿಕರು! ಪೊಲೀಸರು ಬರಿಗೈಲಿ ವಾಪಸ್ ಹೋದರು. ಮಕ್ಕಳು ತಾಯಿ ಹತ್ತಿರವೇ ಉಳಿದರು.

ಆಮೇಲೆ ಅವಳು ಕಾರ್ಮಿಕರ ಪರವಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಸೇರಿದಳು. ಅದೇ ಪಕ್ಷದ ಲಿಯೋಪೋಲ್ಡ್ ಪೆಟ್ಜ್ನೆಕ್ ಅನ್ನುವ ಮೇಷ್ಟ್ರ ಜೊತೆ ಬದುಕಿದಳು. ಜನ 'ಕೆಂಪು ರಾಜಕುಮಾರಿ' ಅಂದರು. ಮೇಷ್ಟ್ರನ್ನು ನಾಜಿಗಳು 1944ರಲ್ಲಿ ಡಾಖೌ ಅನ್ನುವ ಯಾತನಾ ಶಿಬಿರಕ್ಕೆ ಹಾಕಿದರು. ಅವರು ಬದುಕಿ ಬಂದರು. 1948ರಲ್ಲಿ ಇಬ್ಬರೂ ಮದುವೆಯಾದರು. ಆಗ ಅವಳಿಗೆ 64!

ಪೂರ್ತಿ ನಮ್ಮವಳು ಅಂತ ಹೇಳಲಾರೆ ಬಿಡಿ. ಕೆಂಪು ಬಾವುಟ ಹಿಡಿದರೂ ವಾಸ ದೊಡ್ಡ ಬಂಗಲೆಯಲ್ಲೇ. ಆದರೆ ಸಾಯುವ ಮುಂಚೆ ಅರಮನೆಯಿಂದ ಬಂದಿದ್ದ ಸುಮಾರು 500 ವಸ್ತುಗಳನ್ನು ಮಕ್ಕಳಿಗೆ ಬಿಡದೆ ದೇಶಕ್ಕೆ ಬರೆದಿಟ್ಟಳು. ನಮ್ಮ ಕಡೆ ಒಂದು ಗುಂಟೆ ಜಾಗಕ್ಕೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಅಲ್ವಾ?

ನಿನ್ನೆ 49ನೇ ನಂಬರ್ ಟ್ರಾಮ್ ಹತ್ತಿ ಹ್ಯೂಟೆಲ್‌ಡಾರ್ಫಿನ ಸ್ಮಶಾನಕ್ಕೆ ಹೋಗಿದ್ದೆ. ಅವಳು 1963ರಲ್ಲಿ ತೀರಿಕೊಂಡಳು, ಮೇಷ್ಟ್ರ ಪಕ್ಕದಲ್ಲೇ ಮಲಗಿದ್ದಾಳೆ. ಸಮಾಧಿಯ ನಂಬರ್ ಹಿಡಿದು ಹುಡುಕಿದೆ. ಎರಡು ಸಲ ಅದರ ಮುಂದೆಯೇ ಹಾದುಹೋಗಿದ್ದೇನೆ, ಗೊತ್ತಾಗಲಿಲ್ಲ. ಅವಳ ಹೆಸರೂ ಇಲ್ಲ, ಅವರ ಹೆಸರೂ ಇಲ್ಲ. ಅವಳ ತಾತ ಚಕ್ರವರ್ತಿಯ ಸಮಾಧಿ ನೋಡಲು ಊರೊಳಗಿನ ಚರ್ಚಿನ ನೆಲಮಾಳಿಗೆಗೆ ಜನ ಟಿಕೆಟ್ ತಗೊಂಡು ಹೋಗುತ್ತಾರೆ. ಇಲ್ಲಿ ನಾನೊಬ್ಬನೇ.

ಫೋಟೊ ಜೊತೆಗಿಟ್ಟಿದ್ದೇನೆ. "ಇದರ ಮೇಲೆ ಏನೂ ಬರೆದೇ ಇಲ್ವಲ್ಲ" ಅಂತ ಅಮ್ಮ ಕೇಳಿದರೆ ಕಥೆ ನೀವೇ ಹೇಳಿ.

ನಿಮ್ಮ ಮಗ