ನಗರಸೇವಕರೇ, ಆ ಪಾಲಕ್ ಒಮ್ಮೆ ಪರೀಕ್ಷೆ ಮಾಡಿಸಿ

ಮಾನ್ಯ ನಗರಸೇವಕರಿಗೆ, ಅಂದರೆ ನಮ್ಮ ವಾರ್ಡಿನ ಕಾರ್ಪೊರೇಟರಿಗೆ, ನಮಸ್ಕಾರ.

ನಾನು ನಿಮ್ಮ ವಾರ್ಡಿನ ಮತದಾರಳು, ಏಳು ತಿಂಗಳ ಬಸುರಿ. ಮರಾಠಿಯಲ್ಲಿ ಬರೆಸಿ ಕೊಟ್ಟ ಮೂರು ಅರ್ಜಿಗಳಿಗೂ ಉತ್ತರವಿಲ್ಲ. ಹಾಗಾಗಿ ಈಗ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಓದಿ ಹೇಳಲು ನಿಮ್ಮ ಕಚೇರಿ ಕೆಳಗಿನ ಹೋಟೆಲಿನ ನಮ್ಮೂರಿನವರಿದ್ದಾರೆ.

ದಿನಾ ಸೊಪ್ಪು ತಿನ್ನಿ ಅಂತಾರೆ ಡಾಕ್ಟರು. ಕಾರ್ಕಳದಿಂದ ಅಮ್ಮನ ಫೋನು: ಬಸಳೆ ಮಾಡಿದ್ಯಾ, ಹರಿವೆ ತಂದ್ಯಾ? ಅಮ್ಮನಿಗೆ ಸೊಪ್ಪೆಂದರೆ ಬಾವಿಕಟ್ಟೆ ಪಕ್ಕದ ಚಪ್ಪರ. ನನಗೆ ಲೋಕಲ್ ರೈಲಿನ ಕಿಟಕಿಯಾಚೆ, ಹಳಿ ಮತ್ತು ನಾಲಾ ಎಂಬ ಕೊಳಕು ಚರಂಡಿ ನಡುವಿನ ಪಾತಿ.

ಐದನೇ ತಿಂಗಳಲ್ಲಿ ಒಂದು ಸಂಜೆ ಗಾಡಿ ಸಿಗ್ನಲ್ಲಿಗೆ ನಿಂತಿತ್ತು. ಒಬ್ಬಾತ ಪಾಲಕ್ ಜೂಡಿಗಳನ್ನು, ಅಂದರೆ ಕಟ್ಟುಗಳನ್ನು, ಆ ನಾಲಾದ ಕಪ್ಪು ನೀರಲ್ಲಿ ಅದ್ದಿ, ಕೊಡವಿ, ಬುಟ್ಟಿಗೆ ಜೋಡಿಸುತ್ತಿದ್ದ. ಏನು ಹೊಳಪು ಅಂತೀರಿ! ಮನೆಗೆ ಬಂದರೆ ಯಜಮಾನರು ಮಾರ್ಕೆಟ್ಟಿನಿಂದ ಎರಡು ಜೂಡಿ ಪಾಲಕ್, ಒಂದು ಕಟ್ಟು ಕೊತ್ತಂಬರಿ ತಂದಿಟ್ಟಿದ್ದರು. ಪಾಲಕ್ ಮೂರು ಸಲ ತೊಳೆದು ಬೇಯಿಸಿದೆ. ಕೊತ್ತಂಬರಿ ಮಾತ್ರ ಕೋಸಂಬರಿಗೆ ಹಸಿಯಾಗಿಯೇ ಬಿತ್ತು. ರಾತ್ರಿಯೇ ವಾಂತಿ, ಭೇದಿ. ಎರಡು ದಿನ ಸಲೈನು. ಮಗು ಒದೆಯುತ್ತದಾ ಎಂದು ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಮಲಗಿದ್ದೆ. ಆ ಎರಡು ರಾತ್ರಿ ನಿಮಗೆ ಅರ್ಥವಾಗುವುದು ಬೇಡ. ಕೊತ್ತಂಬರಿಯೇ ಕಾರಣ ಎಂದು ಸಾಬೀತು ಮಾಡಲು ನನ್ನಿಂದಾಗದು, ಅದು ಪರೀಕ್ಷೆಯ ಕೆಲಸ. ಆ ಪರೀಕ್ಷೆಯನ್ನೇ ಕೇಳುತ್ತಿದ್ದೇನೆ.

ಕೇಳಿದ್ದಕ್ಕೆ ಒಂದು ಕಚೇರಿ ಜಾಗ ನಮ್ಮದಲ್ಲ ಎಂದಿತು, ಇನ್ನೊಂದು ಮಾರ್ಕೆಟ್ ನಮ್ಮದಲ್ಲ ಎಂದಿತು. ಲಿಫ್ಟ್ ಕೆಟ್ಟ ಮೂರನೇ ಮಹಡಿಯಲ್ಲಿ ಒಬ್ಬ ಗುಮಾಸ್ತರು ಪಾಪ ಕುರ್ಚಿ ಕೊಟ್ಟು, "ತಾಈ (ಅಕ್ಕಾ), ಪಾಲಕ್ ಬಿಡಿ, ಹೂಕೋಸು ತಿನ್ನಿ" ಎಂದರು. ಹೂಕೋಸಿಗೆ ಯಾವ ನೀರು ಹಾಯಿಸುತ್ತಾರೋ, ಅದನ್ನು ಹೇಳಲಿಲ್ಲ.

ಬಿಡುವುದು ಹೇಗೆ ಸ್ವಾಮಿ? ಗರ್ಭಿಣಿಗೆ ದಿನಕ್ಕೆ 570 ಮೈಕ್ರೋಗ್ರಾಂ ಫೋಲೇಟ್ (ಸೊಪ್ಪಿನಲ್ಲಿ ಸಿಗುವ ಒಂದು ಬಿ ವಿಟಮಿನ್) ಬೇಕೆನ್ನುತ್ತದೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಮಾತ್ರೆ ನುಂಗುತ್ತಿದ್ದೇನೆ, ಸೊಪ್ಪೂ ಬೇಕು. ತೊಳೆದರೆ ಮಣ್ಣು ಹೋಗುತ್ತದೆ, ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ. ಆದರೆ ಕೊಳಕು ನೀರಿನಿಂದ ಬೇರು ಹೀರಿ ಎಲೆಗೆ ಏರಿಸಿದ ಸೀಸ ಉಪ್ಪುನೀರಿಗೂ ಹೋಗದು, ಕುದಿಸಿದರೂ ನಾಶವಾಗದು. ಅದು ಮಾಸು (ಪ್ಲಸೆಂಟಾ) ದಾಟಿ ಮಗುವಿಗೂ ಸೇರುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆ ನಿಮಗೆ ಗೊತ್ತಿಲ್ಲದ್ದೇನಲ್ಲ.

ಸೊಪ್ಪಿನವರ ಹೊಟ್ಟೆ ಮೇಲೆ ಹೊಡೆಯಿರಿ ಎನ್ನುತ್ತಿಲ್ಲ. ತೊಳೆಯಲು ಅವರಿಗೊಂದು ಒಳ್ಳೆ ನೀರಿನ ನಲ್ಲಿ ಹಾಕಿಸಿ. ಮತ್ತೆ ಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆ ನಮ್ಮ ಮಾರ್ಕೆಟ್ಟಿನ ಸೊಪ್ಪು ಲ್ಯಾಬಿಗೆ ಹೋಗಲಿ, ಬಂದ ಫಲಿತಾಂಶ ಅಲ್ಲೇ ಫಲಕದಲ್ಲಿ ಬರಲಿ. ಫಲಕಕ್ಕೆ ಜಾಗವಿಲ್ಲ ಎನ್ನಬೇಡಿ. ಗೇಟಿನ ಮೇಲೆ ನಿಮ್ಮ ಹುಟ್ಟುಹಬ್ಬದ ಬ್ಯಾನರಿದೆ, ಹಬ್ಬ ಮುಗಿದು ಎರಡು ತಿಂಗಳಾಯಿತು.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಬಸುರಿ