ಬಿಲ್ಲಿನಲ್ಲಿ ಒಂದೊಂದು ಭಾಗದ ಹೆಸರೂ ಬರೆಯಲಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕನ ಮಗ ಅರಕಲಗೂಡಿನವನು. ಡಿಪ್ಲೊಮಾ ಮುಗಿಸಿ, ವರ್ಚುವಲ್ ರಿಯಾಲಿಟಿ (ವಿಆರ್, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಕಂಪ್ಯೂಟರ್ ಮಾಡಿದ ದೃಶ್ಯದೊಳಗೇ ಇದ್ದ ಹಾಗೆ ಅನ್ನಿಸುವ ತಂತ್ರಜ್ಞಾನ) ಕೆಲಸವನ್ನೇ ಕಲಿಯಬೇಕು ಅಂತ ಹಟ ಹಿಡಿದಿದ್ದ. ಅಕ್ಕ ಸಂಘದಲ್ಲಿ ಸಾಲ ತೆಗೆದು, ಕೈಯಲ್ಲಿದ್ದದ್ದನ್ನೂ ಸೇರಿಸಿ, 90 ಸಾವಿರ ಕೊಟ್ಟು ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರ್ ಕೊಡಿಸಿದಳು. ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುವವನು. ಕಾರ್ಖಾನೆಯವರಿಗೆ ಸುರಕ್ಷತೆ ಕಲಿಸುವ ವಿಆರ್ ಪಾಠಗಳನ್ನು ಮಾಡುವ ಸಣ್ಣ ತಂಡ ನಮ್ಮದು. ಒಂದು ಮಾತು ಕೇಳಬಾರದಿತ್ತಾ ಅಂದರೆ, "ನಿಂಗ್ಯಾಕೆ ತೊಂದ್ರೆ ಅಂತ ಸುಮ್ನಾದೆ ಕಣೋ" ಅಂದಳು.

ಹಬ್ಬಕ್ಕೆ ಹೋದಾಗ ಹೆಡ್‌ಸೆಟ್ ತೆಗೆದುಕೊಂಡು ಹೋಗಿದ್ದೆ. ಕೇಬಲ್ ಹಾಕಿದ ಕೂಡಲೇ ಈ ಕಂಪ್ಯೂಟರ್ ಸಾಲದು ಅಂತ ಪರದೆ ಮೇಲೆ ಎಚ್ಚರಿಕೆ ಬಂತು. ಆದರೂ ಒಂದು ಪುಟ್ಟ ಕೋಣೆಯ ದೃಶ್ಯ ಹಾಕಿಕೊಟ್ಟೆ. ತಲೆ ತಿರುಗಿಸಿದರೆ ಗೋಡೆ ತಡವಾಗಿ, ಎಳೆದುಕೊಂಡು ಬಂದ ಹಾಗೆ ಬರುತ್ತಿತ್ತು. ಐದು ನಿಮಿಷ ಆಗಿರಬಹುದು, ಹುಡುಗ ಹೆಡ್‌ಸೆಟ್ ತೆಗೆದು "ಮಾಮ, ಹೊಟ್ಟೆ ತೊಳಸ್ತಿದೆ" ಅಂತ ಕಂಬಕ್ಕೆ ಒರಗಿ ಕೂತುಬಿಟ್ಟ.

ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಗಾಜಿನ ಬಾಗಿಲು, ಬಣ್ಣದ ದೀಪದ ಆರು ಫ್ಯಾನ್, ಐ7 ಪ್ರೊಸೆಸರ್. ಮೆಮೊರಿ ಮಾತ್ರ 8 ಜಿಬಿಯ ಒಂದೇ ಒಂದು ಸ್ಟಿಕ್. ಪರದೆಗೆ ಚಿತ್ರ ಮಾಡಿಕೊಡುವ ಗ್ರಾಫಿಕ್ಸ್ ಕಾರ್ಡ್ 4 ಜಿಬಿಯ ಜಿಟಿಎಕ್ಸ್ 1650. ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸಲು ಆ ಕಂಪನಿ ಒಪ್ಪುವ ಕಾರ್ಡುಗಳ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ. ಬಿಲ್ ತರಿಸಿ ನೋಡಿದರೆ ಒಂದೇ ಸಾಲು: "ಅಸೆಂಬಲ್ಡ್ ಕಂಪ್ಯೂಟರ್, ಐ7, 1 ಸೆಟ್". ಅಂಗಡಿಯವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಐ7 ಅಂದರು, ಐ7 ಇದೆ. ಏನು ಕೇಳಬೇಕು ಅನ್ನೋದು ಕೊಳ್ಳುವವರಿಗೆ ಗೊತ್ತಿರಲಿಲ್ಲ, ಅಷ್ಟೇ. ಅದಕ್ಕೇ ಈ ಪತ್ರ.

2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಅಂತ ನೀತಿ ಮಾಡಿದ ರಾಜ್ಯ ನಮ್ಮದು. 2024ರಲ್ಲಿ ಬಂದ ಹೊಸ ನೀತಿಯ ಹೆಸರಿನಲ್ಲೇ ಎಕ್ಸ್‌ಆರ್ (ವಿಆರ್ ಮತ್ತು ಅದರ ಥರದ ತಂತ್ರಜ್ಞಾನಗಳ ಒಟ್ಟು ಹೆಸರು) ಸೇರಿದೆ. ಸಣ್ಣ ಊರುಗಳ ಮಕ್ಕಳು ಈ ಕಡೆ ಬರುತ್ತಿದ್ದಾರೆ, ಬರಲಿ. ಆದರೆ ಅವರ ಮನೆಯವರ ಹಣ ಮೊದಲು ಹೋಗೋದು ಕಂಪ್ಯೂಟರಿಗೆ, ಅಲ್ವಾ? ಅದು ಸರಿಯಾದ ಭಾಗಕ್ಕೆ ಹೋಗಬೇಕು.

ವಿಆರ್‌ಗೆ ಸರಿಯಾದ ಭಾಗ ಅಂದರೆ ಮೊದಲು ಗ್ರಾಫಿಕ್ಸ್ ಕಾರ್ಡ್. ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೂ 2064 x 2208 ಚುಕ್ಕಿ. ಎರಡೂ ಕಣ್ಣು ಸೇರಿದರೆ 4ಕೆ ಟಿವಿಗಿಂತ ಜಾಸ್ತಿ. ಸೆಕೆಂಡಿಗೆ 90 ಚಿತ್ರದ ಲೆಕ್ಕದಲ್ಲಿ ಒಂದು ಚಿತ್ರಕ್ಕೆ ಸಿಗೋದು ಸುಮಾರು 11 ಮಿಲಿಸೆಕೆಂಡ್. ಅಷ್ಟರಲ್ಲಿ ಚಿತ್ರ ಬರದಿದ್ದರೆ ಕಣ್ಣಿಗೆ ಕಾಣೋದೇ ಒಂದು, ಕಿವಿಯೊಳಗಿನ ಸಮತೋಲನದ ಅಂಗ ಹೇಳೋದೇ ಇನ್ನೊಂದು. ಹುಡುಗನ ಹೊಟ್ಟೆ ತೊಳಸಿದ್ದು ಅದಕ್ಕೇ. ಅದೂ ಅಲ್ಲದೆ ಮಾಡಿ ಮುಗಿಸಿದ ಆಟವನ್ನು ಓಡಿಸುವುದು ಬೇರೆ, ಆಟ, ದೃಶ್ಯ ಕಟ್ಟುವ ತಂತ್ರಾಂಶಗಳಾದ ಯೂನಿಟಿ ಅಥವಾ ಅನ್‌ರಿಯಲ್ ಎಡಿಟರ್ ತೆರೆದಿಟ್ಟುಕೊಂಡು ಅದರೊಳಗೇ ಓಡಿಸಿ ನೋಡುವುದು ಬೇರೆ. ಎಡಿಟರಿನ ಹೊರೆಯೂ ಇರುವುದರಿಂದ ಮಾಡುವವರ ಕಂಪ್ಯೂಟರ್ ಆಡುವವರದ್ದಕ್ಕಿಂತ ಗಟ್ಟಿ ಇರಬೇಕು.

2016ರಲ್ಲಿ ಓಕ್ಯುಲಸ್ ರಿಫ್ಟ್ ಅನ್ನೋ ಹೆಡ್‌ಸೆಟ್ ಬಂದಾಗ ಕಂಪನಿ ಶಿಫಾರಸು ಮಾಡಿದ್ದು ಐ5 ಪ್ರೊಸೆಸರ್, ಜಿಟಿಎಕ್ಸ್ 970 ಕಾರ್ಡ್. ಆಗಲೂ ಐ7 ಕೇಳಿರಲಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಒಂದು ಲಕ್ಷದ ಆಸುಪಾಸಿನಲ್ಲಿ ಮಾನಿಟರ್ ಬಿಟ್ಟು ಲೆಕ್ಕ ಹಾಕಿದರೆ ಹತ್ತಿರಹತ್ತಿರ ಅರ್ಧ ಹಣ ಕಾರ್ಡಿಗೇ ಹೋಗಲಿ. ಕಾರ್ಡಿನ ಮೆಮೊರಿ 12 ಜಿಬಿ ಅಥವಾ 16 ಜಿಬಿ ಇರುವುದನ್ನು ನೋಡಿ. 8 ಜಿಬಿಯ ಆರ್‌ಟಿಎಕ್ಸ್ 4060 ಆಟಕ್ಕೆ ಚೆನ್ನಾಗಿದೆ, ಆದರೆ ದೊಡ್ಡ ದೃಶ್ಯದಲ್ಲಿ ಬೆಳಕು ನೆರಳು ಬೇಕ್ ಮಾಡಲು (ಮೊದಲೇ ಲೆಕ್ಕ ಹಾಕಿ ದೃಶ್ಯದಲ್ಲಿ ಕೂರಿಸಲು) ಕೂತಾಗ 12 ಜಿಬಿಯ ಹಳೆಯ 3060 ಎಷ್ಟೋ ಸಲ ನಮ್ಮನ್ನು ಕಾಪಾಡಿದೆ. ಪ್ರೊಸೆಸರಿಗೆ ರೈಜನ್ 5 7600 ಥರದ್ದು ಧಾರಾಳ ಸಾಕು. ಅದಕ್ಕೆ ನೀರು ಹರಿಯುವ ಕೂಲರ್ ಬೇಡ, ಮಾಮೂಲಿ ಫ್ಯಾನ್ ಸಾಕು.

ಮೆಮೊರಿ 16 ಜಿಬಿಯ ಎರಡು ಸ್ಟಿಕ್, ಒಟ್ಟು 32. ಎಐ ಡೇಟಾ ಸೆಂಟರುಗಳು ಕೊಳ್ಳುವ ಭರಾಟೆಯಲ್ಲಿ ಮೆಮೊರಿ ಬೆಲೆ ಏರಿಬಿಟ್ಟಿದೆ, ನಿಜ. ಆದರೂ ಗಾಜಿನ ಕ್ಯಾಬಿನೆಟ್ ಬಿಟ್ಟು, ದೀಪ ಬಿಟ್ಟು ಇದಕ್ಕೆ ಹೊಂದಿಸಿ. ಫೈಲುಗಳನ್ನು ಇಡುವುದಕ್ಕೆ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ 1 ಟಿಬಿ ಇರಲಿ. ಮಾನಿಟರ್ ಸಾಧಾರಣದ್ದು ನಡೆಯುತ್ತದೆ, ದೃಶ್ಯ ನೋಡೋದು ಹೆಡ್‌ಸೆಟ್ಟಿನಲ್ಲೇ ತಾನೇ.

ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಹುಡುಗನಿಗೆ 3060 ಕಾರ್ಡ್ ಹಾಕೋಣ ಅಂತ ಹೋದರೆ, ಅವನ ಪವರ್ ಸಪ್ಲೈನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ ವಯರೇ ಇಲ್ಲ. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದ ಹಾಗೆ ಹಗುರ. ಮೇಲೆ ದೊಡ್ಡ ಅಕ್ಷರದಲ್ಲಿ 500 ವ್ಯಾಟ್ ಅಂತ ಚೀಟಿ. ನಮ್ಮ ಊರುಗಳಲ್ಲಿ ಕರೆಂಟ್ ಹೋಗಿ ಬರುವ ಪರಿ ಗೊತ್ತೇ ಇದೆ, ಇಂಥ ಡಬ್ಬ ಸುಟ್ಟರೆ ಜೊತೆಗೆ ಕಾರ್ಡನ್ನೂ ತೆಗೆದುಕೊಂಡು ಹೋಗಬಹುದು. ಒಳ್ಳೆ ಕಂಪನಿಯ 650 ವ್ಯಾಟ್‌ನದ್ದನ್ನೇ ತೆಗೆದುಕೊಳ್ಳಿ, ಎಷ್ಟು ವರ್ಷದ ವಾರಂಟಿ ಅಂತ ಕೇಳಿ. ಯುಪಿಎಸ್ ಕೂಡ ಹಾಗೇ, 600 ವಿಎ ಅಂದರೆ ಸುಮಾರು 360 ವ್ಯಾಟ್ ಮಾತ್ರ. ಕಾರ್ಡ್ ಪೂರ್ತಿ ಓಡುವಾಗ ಕರೆಂಟ್ ಹೋದರೆ ಕೆಲಸ ಉಳಿಸಿಕೊಳ್ಳೋಕೂ ಸಮಯ ಸಿಗದೇ ಇರಬಹುದು.

ಕೊನೆಗೆ ಅವನಿಗೆ ಪವರ್ ಸಪ್ಲೈ, ಕಾರ್ಡ್, ಮೆಮೊರಿ ಮೂರನ್ನೂ ಬದಲಾಯಿಸಿದೆವು. ಕಾರ್ಡ್ ಬಳಸಿದ್ದೇ, ಆದರೆ ಬಿಲ್ ಇತ್ತು, ಸೀರಿಯಲ್ ನಂಬರ್ ತಾಳೆ ಆಯಿತು, ನಮ್ಮ ಎದುರಿಗೇ ಅರ್ಧ ಗಂಟೆ ಓಡಿಸಿ ತೋರಿಸಿದರು. ಅಕ್ಕನಿಗೆ ಮತ್ತೊಂದು ಖರ್ಚು. ಅವಳು ಏನೂ ಅನ್ನಲಿಲ್ಲ, ಆದರೆ ವಾರ ವಾರ ಸಂಘಕ್ಕೆ ಕಟ್ಟುವವಳು ಅವಳೇ.

ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ತಾಲ್ಲೂಕು ಕೇಂದ್ರದ ಅಂಗಡಿ ಇರಲಿ, ಹಣ ತೆಗೆದುಕೊಳ್ಳುವ ಮೊದಲೇ ಕೊಟೇಶನ್ನಿನಲ್ಲಿ ಒಂದೊಂದು ಭಾಗದ ಕಂಪನಿ, ಮಾಡೆಲ್, ಬೆಲೆ ಬೇರೆಬೇರೆ ಸಾಲಿನಲ್ಲಿ ಬರೆಯಿರಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಸಹ ಹಾಕಿ. ಕೊಳ್ಳುವವರು ಆ ಚೀಟಿಯ ಫೋಟೊ ತೆಗೆದು ಗೊತ್ತಿರುವವರಿಗೆ ವಾಟ್ಸಾಪ್ ಮಾಡಿ, ಒಂದು ದಿನ ಬಿಟ್ಟು ದುಡ್ಡು ಕೊಡಿ.

ಸಂಪಾದಕರೇ, ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೊಸ ಮೊಬೈಲುಗಳ ಬಗ್ಗೆ ಚೆನ್ನಾಗಿ ಬರೆಯುತ್ತೀರಿ. ಈ ಬಿಡಿಭಾಗಗಳ ಬಗ್ಗೆಯೂ ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆಸಿ. ಬರೆಯುವವರು ಸಿಗದಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಇತಿ,
ನಿಮ್ಮ ಓದುಗ
ಮೈಸೂರು